ಹಿನ್ನೀರಿನ ದಂಡೆಗೊಂದು ರಿವಿಯೇರಾ

ರಿವಿಯೇರಾ ಎಂಬ ಪದ ನನ್ನ ಮೇಜಿನ ಮೇಲೆ ಬಂದು ಬಿದ್ದದ್ದು ಒಂದು ಯೋಜನಾ ವರದಿಯ ಹೆಸರಾಗಿ. ಹುಕ್ಕೇರಿ ತಾಲ್ಲೂಕಿನಲ್ಲಿ, ಹಿಡಕಲ್ ಜಲಾಶಯದ ಹಿನ್ನೀರಿನ ದಂಡೆಗೆ ಒಂದು ಖಾಸಗಿ ಕಂಪನಿ ವಿಹಾರಧಾಮ ಕಟ್ಟಲು ಹೊರಟಿತ್ತು. ಕಾಟೇಜುಗಳು, ದೋಣಿಕಟ್ಟೆ, ಮರಳಿನ ಬೀಚು, ಸಂಜೆಗೆ ದೀಪದ ಸಾಲು. ಅವರ ಇಂಗ್ಲಿಷ್ ವರದಿಯನ್ನು ಕನ್ನಡಕ್ಕೆ ತರುವುದು, ಹಳ್ಳಿಯಲ್ಲಿ ಮನೆಮನೆ ಸಮೀಕ್ಷೆಗೆ ಹೋಗುವ ತಂಡಕ್ಕೆ ದುಭಾಷಿಯಾಗುವುದು, ಕೊನೆಗೆ ಅಹವಾಲು ಸಭೆಯಲ್ಲಿ ಎರಡೂ ಕಡೆಯ ಮಾತನ್ನು ದಾಟಿಸುವುದು, ಇದಿಷ್ಟು ನನ್ನ ಕೆಲಸ. ಗೋಕಾಕದಲ್ಲಿ ಕೂತು ಖರೀದಿ ಪತ್ರ, ಔಷಧದ ಚೀಟಿ, ಮದುವೆಯ ಆಹ್ವಾನ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಅನುವಾದಿಸಿ ಬದುಕುವ ನನಗೆ ಇಂಥ ಕೆಲಸ ಸಿಕ್ಕಿದ್ದೇ ಹಬ್ಬ.

ಆದರೆ ಶೀರ್ಷಿಕೆಯಲ್ಲೇ ಎಡವಿದೆ. ವರದಿಯ ಹೆಸರು ‘ಉತ್ತರ ಕರ್ನಾಟಕದ ರಿವಿಯೇರಾ’. ಹಾಗೆಂದರೇನು ಎಂದು ಹಳ್ಳಿಯವರು ಕೇಳಿದರೆ ನಾನು ಹೇಳಬೇಕಲ್ಲ? ನಿಘಂಟುಗಳನ್ನು ಹರವಿಕೊಂಡು ಕೂತೆ. ಇಟಲಿಯವರ ಮಾತಿನಲ್ಲಿ ಅದು ಬರೀ ‘ಕರಾವಳಿ’. ಅಲ್ಲಿನ ಒಂದು ಕಡಲತೀರಕ್ಕೆ ಅದೇ ಹೆಸರಾಯಿತು. ಚಳಿಗೆ ಬೇಸತ್ತ ಶ್ರೀಮಂತರು ಬಿಸಿಲು ಕಾಯಿಸಲು ಅಲ್ಲಿಗೂ ಪಕ್ಕದ ಫ್ರಾನ್ಸಿನ ದಂಡೆಗೂ ಬರತೊಡಗಿದ ಮೇಲೆ ಇಂಗ್ಲಿಷಿನವರು ಆ ಹೆಸರನ್ನು ಎತ್ತಿಕೊಂಡರು. ಈಗ ಹೋಟೆಲು, ಹವಾ, ದುಡ್ಡಿದ್ದ ಮಂದಿ ಮೂರೂ ಒಂದು ಸಮುದ್ರದಂಡೆಗೆ ಕೂಡಿಬಂದರೆ ಅದು ರಿವಿಯೇರಾ. ಬಲೆ ಒಣಗಿಸುವ ಮೀನುಗಾರರ ದಂಡೆಯನ್ನು ಯಾರೂ ಹಾಗೆ ಕರೆದ ಉದಾಹರಣೆ ನನಗೆ ಸಿಗಲಿಲ್ಲ. ಸಮುದ್ರವೇ ಇಲ್ಲದ ಹುಕ್ಕೇರಿಗೆ ಆ ಹೆಸರು ಬಂದಿದೆ ಎಂದರೆ ಹೋಟೆಲು ಮತ್ತು ದುಡ್ಡು ಮೊದಲು ಬಂದಿವೆ ಎಂದೇ ಅರ್ಥ.

‘ಕಡಲತೀರದ ವಿಹಾರನಗರಿ’ ಎಂದು ಬರೆದು ಪ್ರಾಜೆಕ್ಟ್ ಮ್ಯಾನೇಜರರಿಗೆ ಫೋನ್ ಮಾಡಿದೆ. ಅವರು ಮೂಡಲಗಿ ಕಡೆಯವರೇ. ಪರವೂರಲ್ಲಿ ಕಲಿತು ಬಂದಿದ್ದರೂ ನಮ್ಮ ಮಾತು ಮರೆತಿರಲಿಲ್ಲ, ನನ್ನನ್ನು ಮೇಡಂ ಎನ್ನದೆ ಬಾಯಾರ ಎಂದೇ ಕರೆಯುತ್ತಿದ್ದರು.

“ಬಾಯಾರ, ಅದನ್ನ ಹಂಗ ಇಡ್ರಿ,” ಎಂದರು. “ರಿವಿಯೇರಾ ಅಂತನ ಬರೀರಿ. ತಿಳೀದಿದ್ರನ ಛಲೋ. ತಿಳದ ಮಾತಿಗೆ ರೇಟ್ ಬರೂದಿಲ್ಲ.”

ನಗು ಬಂತು. ಮನುಷ್ಯ ಕೆಟ್ಟವನಲ್ಲ ಅಂದುಕೊಂಡೆ. ಈಗಲೂ ಅವರು ಕೆಟ್ಟವರು ಎಂದು ನಾನು ಹೇಳುವುದಿಲ್ಲ, ಅದೇ ನನ್ನ ಸಂಕಟ.

ದೀಪಾವಳಿ ಮುಗಿದ ಮೇಲೆ ಸಮೀಕ್ಷೆ ಶುರುವಾಯಿತು. ಜಲಾಶಯ ಕಂಠಮಟ್ಟ ತುಂಬಿತ್ತು. ಯಮಕನಮರಡಿಯವರೆಗೆ ನಾನು ಬಸ್ಸಿನಲ್ಲಿ ಹೋಗಬೇಕು, ಅಲ್ಲಿಂದ ತಂಡದ ಜೀಪು. ಹಳ್ಳಿಯ ಕೊನೆಯ ಮನೆಗಳ ಹಿತ್ತಿಲಿಗೆ ನೀರು ತಾಗಿಕೊಂಡೇ ಇತ್ತು. ಹೆಂಗಸರು ಪಾತ್ರೆ ತೊಳೆಯಲು ಹಿತ್ತಿಲ ಬಾಗಿಲು ತೆಗೆದರೆ ಸಾಕು. ಈ ಊರಿನ ಹೊಲಗಳೆಲ್ಲ ಅಣೆಕಟ್ಟು ಕಟ್ಟಿದಾಗ ಮುಳುಗಿದ್ದವು. ಪರಿಹಾರ ಆಗಿನ ಹಿರಿಯರ ಕೈಗೆ ಬಂದು ಎಂದೋ ಕರಗಿಹೋಗಿತ್ತು.

ಮೊದಲ ಮನೆಯಲ್ಲೇ ಒಬ್ಬ ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ರೆಸಾರ್ಟ್ ಅಂದ್ರ ಎಮ್ಮೆಲ್ಲೆಗೋಳ್ನ ಒಯ್ದ ಕೂಡಿ ಹಾಕ್ತಾರಲ್ಲ, ಅದನ?” ಎಂದ. ತಂಡದ ಹುಡುಗಿಯರಿಗೆ ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಅವರು ಮುಖ ಮುಖ ನೋಡಿಕೊಂಡರು. ನಮ್ಮ ನಾಡಿನಲ್ಲಿ ಆ ಪದಕ್ಕೆ ಆ ಅರ್ಥವೇ ಗಟ್ಟಿಯಾಗಿದೆ, ಯಾವ ನಿಘಂಟೂ ಅದನ್ನಿನ್ನೂ ಸೇರಿಸಿಕೊಂಡಿಲ್ಲ.

ಪ್ರಶ್ನೆಗಳಲ್ಲಿ ಹೆಚ್ಚಿನವು ಮಾಮೂಲು. ಮನೆಯಲ್ಲಿ ಎಷ್ಟು ಜನ, ದನ ಎಷ್ಟು, ಕುರಿ ಎಷ್ಟು, ಯಾರಾದರೂ ಗೋವಾಕ್ಕೆ ದುಡಿಯಲು ಹೋಗಿದ್ದಾರೆಯೇ. ನಡುವೆ ಒಂದು ಪ್ರಶ್ನೆ: ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ತೆರೆದುಕೊಳ್ಳುವ ನೆಲವನ್ನು ಯಾರಾದರೂ ಬಳಸುತ್ತಾರೆಯೇ? ಅದಕ್ಕೆ ಮೊದಲ ಮನೆಯ ಉತ್ತರ: “ಇಲ್ರಿ, ಅಲ್ಲಿ ಏನೂ ಇಲ್ಲ, ಬರೇ ನೀರ.” ಎರಡನೆಯ ಮನೆಯದೂ ಅದೇ. ಕುರುಬರ ಓಣಿಯಲ್ಲೂ ಅದೇ, ಲಿಂಗಾಯತರ ಓಣಿಯಲ್ಲೂ ಅದೇ. ದುಭಾಷಿಯ ಕಿವಿಗೆ ಒಂದು ಚಾಳಿ ಇರುತ್ತದೆ. ಒಬ್ಬೊಬ್ಬರೂ ಒಂದು ಮಾತನ್ನು ತಮ್ಮ ತಮ್ಮ ರೀತಿಯಲ್ಲಿ ಹೇಳಿದರೆ ಅದು ನಿಜವಿರಬಹುದು. ಊರೆಲ್ಲ ಒಂದೇ ಮಾತನ್ನು, ಒಂದೇ ಕಡೆ ಉಸಿರು ತೆಗೆದುಕೊಂಡು ಹೇಳಿದರೆ ಅದು ಎಲ್ಲೋ ಕಟ್ಟೆಯ ಮೇಲೆ ಕೂತು ಗೊತ್ತು ಮಾಡಿಕೊಂಡ ಮಾತು.

ನೀರಿಗೆ ಅಂಟಿಕೊಂಡ ಒಂದು ಮನೆಯಲ್ಲಿ ನಡುವಯಸ್ಸು ದಾಟಿದ ಒಬ್ಬ ಹೆಣ್ಣುಮಗಳು ಒಬ್ಬಳೇ ಇದ್ದಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಗಳ ಮದುವೆಯಾಗಿತ್ತು. ಓಣಿಯವರೆಲ್ಲ ಅವಳನ್ನು ಚಿಕ್ಕಮ್ಮ ಎಂಬ ಅರ್ಥದಲ್ಲಿ ಮಾವಶಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವಳೂ “ಬರೇ ನೀರ” ಎಂದಳು. ಎನ್ನುತ್ತಲೇ ಪರಾತದ ತುಂಬ ಶೇಂಗಾ ಹುರಿದು, ಬೆಲ್ಲದ ಜೊತೆ ತಂದು ಮುಂದಿಟ್ಟಳು. ಮೂಲೆಯಲ್ಲಿ ದಪ್ಪ ಕಾಯಿಗಳನ್ನೇ ಆರಿಸಿ ತುಂಬಿದ ಇನ್ನೂ ಒಂದು ಚೀಲ ನಿಂತಿತ್ತು.

“ಯಾವ ಹೊಲದ ಶೇಂಗಾ ಮಾವಶಿ?” ಎಂದೆ.

“ಬಾಗೇವಾಡಿ ಸಂತ್ಯಾಗ ತಂದೀವ್ರಿ.”

“ಸಂತೆಯಿಂದ ತಂದವರು ಬೀಜಕ್ಕೆಂದು ಆರಿಸಿ ಬೇರೆ ಇಡುತ್ತಾರೇನು?”

ಅವಳು ನನ್ನನ್ನು ದಿಟ್ಟಿಸಿದಳು. ತಂಡದ ಹುಡುಗಿಯರು ಎದ್ದು ಹೊರಗೆ ಹೋಗಲಿ ಎಂದು ಕಾದಳು. “ಪೆನ್ನ ಒಳಗ ಇಡ್ರಿ ಬಾಯಾರ, ಹೇಳ್ತೇನಿ,” ಎಂದಳು. ಇಟ್ಟೆ.

ಸಂಕ್ರಾಂತಿ ಕಳೆದು ನೀರು ಇಳಿಯತೊಡಗಿದಾಗ ಊರಿನ ಹಿರಿಯರೊಬ್ಬರು ಹಗ್ಗ ಹಿಡಿದುಕೊಂಡು ದಂಡೆಗೆ ಹೋಗುತ್ತಾರೆ. ಎಲ್ಲರಿಗೂ ಅವರು ಕಾಕಾ. ಮುಳುಗಿದ ಹೊಲಗಳು ಯಾರ ಬಾಜೂ ಯಾರದಿದ್ದವು ಎಂಬುದು ಅವರಿಗೆ ಅವರ ಅಪ್ಪನಿಂದ ಬಂದ ನೆನಪು. ಅದೇ ಸಾಲಿನಲ್ಲಿ ಗೂಟ ಹೊಡೆದು ಹಗ್ಗ ಎಳೆಯುತ್ತಾರೆ. ನೀರು ಹಿಂದೆ ಸರಿದ ಹಾಗೆ ಹಗ್ಗ ಮುಂದೆ ಸರಿಯುತ್ತದೆ. ಹಸಿ ಮಣ್ಣಿಗೆ ನೇಗಿಲು ಬೇಡ, ನೀರು ಹಾಯಿಸುವುದೂ ಬೇಡ. ಮೇಲಿನ ಪಟ್ಟಿಯಲ್ಲಿ ಶೇಂಗಾ, ಕೆಳಗೆ ಗೋವಿನಜೋಳ, ಕೊನೆಗೆ ನೀರಂಚಿನಲ್ಲಿ ಸೌತೆ. ಜೂನಿನಲ್ಲಿ ಮಿರಗದ ಮಳೆ ಹಿಡಿಯುವ ಮುಂಚೆ ಎಲ್ಲ ಕಿತ್ತು ಮನೆ ತುಂಬಿಸಿಕೊಳ್ಳುತ್ತಾರೆ, ಆಮೇಲೆ ನೆಲವನ್ನು ನೀರಿಗೆ ಬಿಟ್ಟುಕೊಡುತ್ತಾರೆ. ಒಂದು ವರ್ಷವೂ ಇದಕ್ಕಾಗಿ ಜಗಳವಾದದ್ದಿಲ್ಲ ಎಂದಳು.

“ಮತ್ತೆ ಇಲ್ಲ ಅಂತ ಯಾಕೆ ಹೇಳುತ್ತೀರಿ?”

“ಸರಕಾರದ ಜಾಗಾ ಐತೆವ್ವ. ಬಿತ್ತೇವಿ ಅಂದ್ರ ಕೇಸ್ ಹಾಕ್ತಾರ. ಅದಕ್ಕ ಪೆನ್ನ ಹಿಡದ ಯಾರ ಬಂದ್ರೂ ಇಲ್ಲ ಅನ್ನೂದು. ನಮ್ಮ ಅತ್ತಿ ಕಾಲದಿಂದ ಹಂಗ. ಅಂದಿದ್ದಕ್ಕನ ಇಷ್ಟ ದಿವಸ ಉಳದೇವಿ.” ಶೇಂಗಾದ ಸಿಪ್ಪೆ ಬಿಡಿಸಿ ಕಾಳನ್ನು ನನ್ನ ಅಂಗೈಗೆ ಹಾಕಿದಳು. “ನನಗ ಬ್ಯಾರೆ ಏನೈತಿ? ಆ ಪಟ್ಟಿ ಐತಿ ಅಂತ ಮಗಳ ಮನಿ ಬಾಗಲಕ್ಕ ಹೋಗಿಲ್ಲ.”

ಅಂದು ಬಸ್ಸಿನಲ್ಲಿ ಕೂತವಳೇ ವರದಿಯನ್ನು ಮತ್ತೆ ಬಿಡಿಸಿದೆ. ಏಕೆಂದರೆ ಇವರ “ಇಲ್ಲ” ಎಂಬ ಮಾತಿಗೆ ವರದಿಯ ಇನ್ನೊಂದು ಅಧ್ಯಾಯದಲ್ಲಿ ಏನು ಕಾದಿದೆ ಎಂದು ನಾನು ಓದಿದ್ದೆ. ಬೀಚು ಬರುವುದು ಅದೇ ನೆಲದಲ್ಲಿ. ‘ಋತುಮಾನಕ್ಕೆ ತೆರೆದುಕೊಳ್ಳುವ, ಸದ್ಯ ಯಾರೂ ಬಳಸದ ನೈಸರ್ಗಿಕ ತೀರ’ ಎಂದು ಅಲ್ಲಿತ್ತು. ಆ ಕಪ್ಪು ಮಣ್ಣಿನ ಮೇಲೆ ಲಾರಿಯಲ್ಲಿ ಮರಳು ತಂದು ಸುರಿದು, ಸುತ್ತ ಬೇಲಿ ಹಾಕುವವರಿದ್ದರು. ಯಾರೂ ಬಳಸುವುದಿಲ್ಲವಾದ್ದರಿಂದ ಯಾರಿಗೂ ಏನೂ ಕೊಡಬೇಕಾಗಿರಲಿಲ್ಲ.

ವರದಿಯಲ್ಲಿ ಉಪಗ್ರಹದಿಂದ ತೆಗೆದ ಒಂದು ಬೇಸಿಗೆಯ ಚಿತ್ರವಿತ್ತು. ಅದನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದೆ. ನೀರಿನ ಅಂಚಿಗೆ ಹಸಿರು ಪಟ್ಟಿಗಳು, ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ. ಮಾವಶಿಯ ಹೆಸರೆತ್ತದೆ ಮ್ಯಾನೇಜರರಿಗೆ ಬರೆದೆ: ಜನರ ಹೇಳಿಕೆಗೂ ಈ ಚಿತ್ರಕ್ಕೂ ತಾಳೆಯಾಗುತ್ತಿಲ್ಲ, ನೀರು ಇಳಿದ ಮೇಲೆ ಇನ್ನೊಮ್ಮೆ ಹೋಗಿ ನೋಡಬೇಕು. ಅವರು ಗೋಕಾಕಕ್ಕೇ ಬಂದರು, ನನ್ನೆದುರು ಕೂತು ಚಹಾ ಕುಡಿದರು.

“ಅದು ಕಳೆ ಐತ್ರಿ.”

“ಕಳೆ ಸಾಲು ಹಿಡಿದು ಬೆಳೆಯುತ್ತದೇನ್ರಿ ಸರ್?”

“ಬಾಯಾರ,” ಎಂದರು ಮೆತ್ತಗೆ, “ನಾನೂ ಒಕ್ಕಲುತನದ ಮನಿಯಾಂವನ. ನನಗ ಕಾಣಸೂದಿಲ್ಲ ಅಂತ ತಿಳದೀರೇನು? ಆದ್ರ ಊರ ಮಂದಿನ ಇಲ್ಲ ಅಂದ್ರ ನಾ ಐತಿ ಅಂತ ಹೆಂಗ ಬರೀಲಿ? ನೀವ ಭಾಷಾ ನೋಡ್ರಿ.”

ನೋಡಿದೆ. ‘ಯಾರೂ ಬಳಸದ’ ಎಂಬುದನ್ನು ‘ಯಾರೂ ಬಳಸದ’ ಎಂದೇ ಅನುವಾದಿಸಿದೆ. ಮೂಲದವನ ಸುಳ್ಳನ್ನೂ ಸುಳ್ಳಾಗಿಯೇ ತಲುಪಿಸುವುದು ನನ್ನ ಕಸುಬಿನ ಧರ್ಮ. ಈ ಧರ್ಮವನ್ನು ಕಟ್ಟಿದವರು ಯಾರೋ, ಅವರಿಗೆ ಹಿನ್ನೀರಿನ ಹೊಲ ಇದ್ದಿರಲಿಕ್ಕಿಲ್ಲ.

ಸಭೆಗೆ ಮುಂಚೆ ಕನ್ನಡ ಪ್ರತಿಯನ್ನು ಊರವರಿಗೆ ಓದಿ ಹೇಳುವ ಕ್ರಮವಿತ್ತು. ಗುಡಿಯ ಕಟ್ಟೆಯ ಮೇಲೆ ಜನ ಸೇರಿದರು. ರಿವಿಯೇರಾ ಎಂದರೇನು ಎಂದು ಯಾರೋ ಕೇಳಿದರು. ಮ್ಯಾನೇಜರರ ಮಾತು ಬದಿಗಿಟ್ಟು ನಾನು ಕಂಡುಕೊಂಡ ಅರ್ಥವನ್ನೇ ಹೇಳಿದೆ. ಉಳ್ಳವರು ಗಾಳಿ ಸೇವಿಸಲು ಬರುವ ಸಮುದ್ರದಂಡೆಯ ಊರು, ಅಲ್ಲಿ ಇದ್ದವರ ಸುದ್ದಿ ಆ ಹೆಸರಿನಲ್ಲಿ ಇರುವುದಿಲ್ಲ ಎಂದೆ. ನಕ್ಕರು. ಬೀಚಿನ ಅಧ್ಯಾಯ ಓದಿದಾಗ ನಗು ನಿಂತಿತು. ಬೇಲಿ ಎಲ್ಲಿಂದ ಎಲ್ಲಿಗೆ ಎಂದು ಎದ್ದು ನಿಂತು ಕೈಯಿಂದಲೇ ತೋರಿಸಿದೆ. ಮಾವಶಿ ತಲೆ ತಗ್ಗಿಸಿದ್ದಳು.

“ಸಭೆಯಲ್ಲಿ ಹೇಳಿರಿ,” ಎಂದೆ. “ಬಿತ್ತುತ್ತೇವೆ ಅನ್ನಿರಿ. ಇಡೀ ಊರು ಹೇಳಿದರೆ ಯಾರ ಮೇಲೆ ಕೇಸ್ ಹಾಕುತ್ತಾರೆ?”

ಹಗ್ಗ ಹಿಡಿಯುವ ಕಾಕಾ ಅಂದರು, “ತಂಗೀ, ಮೀನಿನ ಗುತ್ತಿಗಿಯವ್ರು ಬಂದ್ರು, ಇಲ್ಲ ಅಂದ್ವಿ. ಗಿಡ ಹಚ್ಚವ್ರು ಬಂದ್ರು, ಇಲ್ಲ ಅಂದ್ವಿ. ಎಲ್ಲಾರೂ ಬರಕೊಂಡ ಹೋದ್ರು, ನಾವ ಇಲ್ಲೇ ಅದೀವಿ. ಒಪ್ಪಿಕೊಂಡ್ರ ಕಳ್ಳರಾಗ್ತೇವಿ. ಒಪ್ಪದಿದ್ರ ಇವ್ರೂ ನಾಕ ದಿವಸ ಇದ್ದ ಹೋಗ್ತಾರ.”

“ಇವರು ಹೋಗುವುದಿಲ್ಲ ಕಾಕಾ. ನಿಮ್ಮ ಇಲ್ಲ ಎಂಬ ಮಾತಿನ ಮೇಲೆಯೇ ಇವರು ಕಟ್ಟುತ್ತಾರೆ.”

“ನೋಡೂಣಂತ.”

ಆ ‘ನೋಡೂಣಂತ’ ಕೇಳಿ ಮೈಯೆಲ್ಲ ಉರಿಯಿತು. ಈ ಜನರನ್ನು ಹಿಡಿದು ಅಲುಗಾಡಿಸಬೇಕು ಎನಿಸಿತು. ಆದರೆ ಇಷ್ಟು ವರ್ಷ ಅವರನ್ನು ಕಾಯ್ದದ್ದು ಅದೇ ಒಂದು ಮಾತು, ಅದನ್ನು ಬಿಟ್ಟುಕೊಡಿ ಎಂದು ಗೋಕಾಕದಿಂದ ಬಸ್ಸಿನಲ್ಲಿ ಬಂದ ಹೆಂಗಸು ಹೇಳಿದರೆ ಯಾಕೆ ಕೇಳಬೇಕು ಎಂಬುದೂ ತಿಳಿಯುತ್ತಿತ್ತು.

ಸಭೆ ನಡೆದದ್ದು ಸಂಕ್ರಾಂತಿಗೆ ಮೊದಲೇ, ದಂಡೆಯಲ್ಲಿ ನೀರು ಇನ್ನೂ ತುಂಬಿರುವಾಗ, ಶಾಲೆಯ ಅಂಗಳದಲ್ಲಿ, ಶಾಮಿಯಾನಾ ಹಾಕಿ. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಹೊರರಾಜ್ಯದವರು, ಕನ್ನಡ ಇನ್ನೂ ಕಲಿಯುತ್ತಿದ್ದರು. ಅವರ ಎಡಕ್ಕೆ ನನ್ನ ಕುರ್ಚಿ, ಮುಂದೆ ಮೈಕು. ಒಂದು ಕಡೆ ಕ್ಯಾಮೆರಾ ಎಲ್ಲವನ್ನೂ ಚಿತ್ರೀಕರಿಸುತ್ತಿತ್ತು. ಮ್ಯಾನೇಜರ್ ಬಣ್ಣದ ಚಿತ್ರ ತೋರಿಸಿದರು, ಕೊಡೆಗಳ ಕೆಳಗೆ ಮಲಗಿದ ಜನ, ನೀಲಿ ನೀರು. ಹುಡುಗರು ಕೆಲಸ ಸಿಗುತ್ತದೆಯೇ ಎಂದು ಕೇಳಿದರು. ಸಿಗುತ್ತದೆ ಎಂದರು. ಪಗಾರ, ಪಾಳಿ, ಬಟ್ಟೆ ಎಲ್ಲದರ ವಿವರ ಹೇಳಿದರು. ನಾನು ಆಚೆ ಈಚೆ ದಾಟಿಸುತ್ತಲೇ ಇದ್ದೆ. ತೀರದ ನೆಲದ ಬಗ್ಗೆ ಯಾರದಾದರೂ ತಕರಾರು ಇದೆಯೇ ಎಂದು ಅಧಿಕಾರಿ ಕೇಳಿದರು. ಕನ್ನಡದಲ್ಲಿ ಕೇಳಿದೆ.

ಇನ್ನೊಮ್ಮೆ ಕೇಳಿದೆ, ಕಾಕಾನ ಮುಖ ನೋಡಿ ಕೇಳಿದೆ. ಅವರು ಬೇರೆ ಕಡೆ ನೋಡಿದರು.

ಅಧಿಕಾರಿ ಬರೆದುಕೊಳ್ಳಲು ಬಗ್ಗಿದಾಗ ನಾನು ಹೇಳಿಬಿಟ್ಟೆ. “ಸರ್, ಇಲ್ಲಿಂದ ಮುಂದಿನದು ಅನುವಾದವಲ್ಲ, ನನ್ನ ಮಾತು. ಈ ನೆಲದಲ್ಲಿ ಪ್ರತಿ ಬೇಸಿಗೆ ಬಿತ್ತನೆ ಆಗುತ್ತದೆ. ಊರಿಗೆ ಊರೇ ಅದರ ಮೇಲೆ ಬದುಕಿದೆ. ಕೇಸಿನ ಹೆದರಿಕೆಯಿಂದ ಇವರು ಹೇಳುತ್ತಿಲ್ಲ.” ಇಂಗ್ಲಿಷಿನಲ್ಲಿ ಹೇಳಿ, ಅದನ್ನೇ ಕನ್ನಡದಲ್ಲೂ ಹೇಳಿದೆ. ಮ್ಯಾನೇಜರ್ ಕಣ್ಣು ಮುಚ್ಚಿಕೊಂಡರು. ಉಪಗ್ರಹದ ಚಿತ್ರವನ್ನು ಅಧಿಕಾರಿಯ ಮುಂದಿಟ್ಟೆ. ಅವರು ಅದನ್ನು ಗಮನವಿಟ್ಟು ನೋಡಿದರು. ನಿಜವಾಗಿ ನೋಡಿದರು. ತಲೆ ಎತ್ತಿ, “ಇದು ಹೌದೇ ಎಂದು ಅವರನ್ನೇ ಕೇಳಿ,” ಎಂದರು. ಆ ಗಳಿಗೆಯಲ್ಲಿ ಯಾರಾದರೂ ಒಬ್ಬರು ಹೌದು ಅಂದಿದ್ದರೆ ಸಾಕಿತ್ತು.

ಕಾಕಾ ಎದ್ದರು. “ಇಲ್ರಿ ಸಾಹೇಬ್ರ. ಅಲ್ಲಿ ಏನೂ ಇಲ್ಲ.”

ಅಧಿಕಾರಿಗೆ ಸಮಾಧಾನವಾಗಲಿಲ್ಲ. ಹೆಂಗಸರು ಹೇಳಲಿ ಎಂದರು. ಮೈಕು ಕೈಯಿಂದ ಕೈಗೆ ಹೋಗಿ ಮಾವಶಿಯ ಹತ್ತಿರ ನಿಂತಿತು. ಅವಳು ಸೆರಗು ಸರಿಮಾಡಿಕೊಂಡು ನನ್ನನ್ನೇ ನೋಡುತ್ತ ಹೇಳಿದಳು:

“ಈ ಬಾಯಾರ ಭಾಳ ಛಲೋ ಮನಶ್ಯಾರ. ನಮ್ಮ ಮನ್ಯಾಗ ಕುಂತ ಶೇಂಗಾ ತಿಂದ ಹೋಗ್ಯಾರ. ಆದ್ರ ಅವರ್ಗಿ ತಪ್ಪ ತಿಳದೈತಿ. ನಾವ ಯಾರೂ ಅಲ್ಲಿ ಬಿತ್ತೂದಿಲ್ರಿ. ಅಲ್ಲಿ ಬರೇ ನೀರ ಐತಿ.”

ಅಧಿಕಾರಿ ನನ್ನ ಕಡೆ ತಿರುಗಿದರು. “ಆಕೆ ಏನು ಹೇಳಿದಳು? ದಾಖಲೆಗೆ ಬೇಕು.”

ಅನುವಾದಿಸಿದೆ. ನನಗೆ ತಪ್ಪು ತಿಳಿದಿದೆ ಎಂಬುದನ್ನೂ, ನಾನು ಒಳ್ಳೆಯವಳು ಎಂಬುದನ್ನೂ, ಶೇಂಗಾ ತಿಂದದ್ದನ್ನೂ ಒಂದಕ್ಷರ ಬಿಡದೆ ಅನುವಾದಿಸಿದೆ. ವ್ಯಾಕರಣವೂ ತಪ್ಪಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ನಾನು ಯಾವತ್ತೂ ಅನುವಾದ ಮಾಡಿರಲಿಲ್ಲ. ತೀರದಲ್ಲಿ ಬಿತ್ತನೆಯಿದೆ ಎಂಬ ಸಂಶಯವನ್ನು ಗ್ರಾಮಸ್ಥರೇ ಒಕ್ಕೊರಲಿನಿಂದ ತಳ್ಳಿಹಾಕಿದರು ಎಂದು ನಡಾವಳಿಯಲ್ಲಿ ದಾಖಲಾಯಿತು. ಮೊದಲು ಅದು ಮನೆಮನೆಯಲ್ಲಿ ಬಿಡಿ ಬಿಡಿಯಾಗಿ ಹೇಳಿದ ಮಾತಾಗಿತ್ತು. ನಾನು ಬಾಯಿ ಹಾಕಿದ್ದರಿಂದ ಕ್ಯಾಮೆರಾದ ಮುಂದೆ ಊರೇ ನಿಂತು ಹೇಳಿದ ಮಾತಾಯಿತು.

ಹೊರಡುವಾಗ ಮ್ಯಾನೇಜರ್ ಜೀಪಿನ ಬಾಗಿಲು ತೆಗೆದು ಹಿಡಿದರು. “ನೀವ ಹೇಳಿದ್ದ ಖರೆ ಇತ್ರಿ ಬಾಯಾರ,” ಎಂದರು. ಆ ಕಂಪನಿ ಮತ್ತೆ ನನಗೆ ಕೆಲಸ ಕೊಡಲಿಲ್ಲ. ನನಗೆ ಪಶ್ಚಾತ್ತಾಪವಿಲ್ಲ. ಸಿಟ್ಟಿದೆ, ಮತ್ತು ಅದನ್ನು ಯಾರ ಮೇಲೆ ಹಾಕಬೇಕೆಂದು ಇವತ್ತಿಗೂ ಗೊತ್ತಾಗಿಲ್ಲ.

ಬೇಲಿ ಬಂದದ್ದು ಮರುವರ್ಷ ನೀರು ಇಳಿಯುವ ಮೊದಲೇ. ಸಂಕ್ರಾಂತಿ ಕಳೆದ ಮೇಲೆ ಕಾಕಾ ಹಗ್ಗ ತೆಗೆದುಕೊಂಡು ಹೋದರಂತೆ. ಗೇಟಿನಲ್ಲಿ ಕಾವಲಿನವನು ತಡೆದನಂತೆ. ಆಗ ಊರಿನ ಹಿರಿಯರೆಲ್ಲ ಸೇರಿ ಕಂಪನಿಯ ಕಚೇರಿಗೆ ಹೋಗಿ, ನಾವು ಬಿತ್ತುತ್ತಿದ್ದೆವು ಎಂದು ಹೇಳಿದರಂತೆ. ಅಲ್ಲಿ ಟಿವಿಯಲ್ಲಿ ಸಭೆಯ ಚಿತ್ರ ಹಾಕಿ ತೋರಿಸಿದರು. ಕಾಕಾ ತಮ್ಮ ಮುಖವನ್ನೇ, ತಮ್ಮ ದನಿಯನ್ನೇ ನೋಡಿ ಕೇಳಿ ಹೊರಬಂದರು. ಆಮೇಲೆ ಹಗ್ಗ ಏನಾಯಿತೋ ನಾನು ಕೇಳಲಿಲ್ಲ. ಇಷ್ಟನ್ನೂ ಮಾವಶಿ ಫೋನಿನಲ್ಲಿ ಹೇಳಿದಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. “ನೀವ ಆರಾಮ ಅದೀರಿಲ್ಲೋ?” ಎಂದು ಕೇಳಿ ಇಟ್ಟುಬಿಟ್ಟಳು.

ವಿಹಾರಧಾಮ ತೆರೆದ ಮೇಲೆ ಕೌಜಲಗಿಯ ನನ್ನ ಅಣ್ಣನ ಮನೆಯವರಿಗೆ ಅಲ್ಲಿನ ಬೀಚು ನೋಡುವ ಹಂಬಲ ಹುಟ್ಟಿತು. ಗೋವಾಕ್ಕೆ ಹೋಗುವ ಖರ್ಚಿಲ್ಲದೆ ಸಮುದ್ರ ನೋಡಿದಂತಾಗುತ್ತದೆ ಎಂದು ಅತ್ತಿಗೆಯ ಹಟ. ಬರುವುದಿಲ್ಲ ಎಂದರೆ ಕಾರಣ ಹೇಳಬೇಕಾಗುತ್ತಿತ್ತು, ಅದಕ್ಕಿಂತ ಹೋಗುವುದೇ ಸುಲಭ ಎಂದು ಹೋದೆ. ಗೇಟಿನ ಮೇಲೆ ನಾನೇ ಬರೆದುಕೊಟ್ಟಿದ್ದ ಅಕ್ಷರಗಳು, ‘ಉತ್ತರ ಕರ್ನಾಟಕದ ರಿವಿಯೇರಾ’. ಎಲ್ಲಿಂದಲೋ ತಂದ ಬಿಳಿ ಮರಳು ಕಾಲಿಗೆ ಚುರುಗುಟ್ಟುತ್ತಿತ್ತು. ಅಲ್ಲಲ್ಲಿ ಮರಳು ಕೊಚ್ಚಿಹೋಗಿ ಕರಿಮಣ್ಣು ಕಾಣುತ್ತಿತ್ತು. ಅಂಥ ಕಡೆಯೆಲ್ಲ ನೀಲಿ ಸಮವಸ್ತ್ರದ ಹೆಂಗಸರು ಕುಂಟೆಯಂಥದ್ದೊಂದರಿಂದ ಮರಳನ್ನು ಎಳೆದು ಮುಚ್ಚುತ್ತಿದ್ದರು. ಅವರಲ್ಲೊಬ್ಬಳು ಮಾವಶಿ. ನನ್ನನ್ನು ನೋಡಿದಳು, ಕೆಲಸ ನಿಲ್ಲಿಸಲಿಲ್ಲ. ಸೀರೆಯ ಮೇಲೆ ಅಂಗಿ ಹಾಕಿದ್ದಳು, ಎದೆಯ ಮೇಲೆ ಇಂಗ್ಲಿಷಿನಲ್ಲಿ ರಿವಿಯೇರಾ ಎಂದಿತ್ತು.

ಅತ್ತಿಗೆ ಚಪ್ಪಲಿ ಕೈಯಲ್ಲಿ ಹಿಡಿದು ಖುಷಿಯಿಂದ ಅವಳ ಹತ್ತಿರವೇ ಹೋದಳು.

“ಭಾಳ ಛಲೋ ಮಾಡ್ಯಾರ ನೋಡ್ರಿ ಮಾವಶಿ. ನೀವ ಇದ ಊರಿನವ್ರೇನು?”

“ಹೂನ್ರಿ.”

“ಇದಕ್ಕ ಮೊದಲ ಇಲ್ಲಿ ಏನಿತ್ರಿ?”

ಮಾವಶಿ ಕೈಲಿದ್ದ ಕುಂಟೆ ನಿಲ್ಲಿಸಿ ತಲೆ ಎತ್ತಿದಳು. ಅತ್ತಿಗೆಯನ್ನಲ್ಲ, ನನ್ನನ್ನು ನೋಡಿದಳು. ಈ ಸಲವೂ ನಡುವೆ ಬಾಯಿ ಹಾಕುತ್ತೀಯೇನು ಎಂದು ಕೇಳುವ ನೋಟ ಅದು. ನಾನು ಹಾಕಲಿಲ್ಲ.

“ಏನೂ ಇರ್ಲಿಲ್ರಿ,” ಎಂದಳು. “ಬರೇ ನೀರ.”